ಕೈಲಾಗೋದನ್ನು ಹೇಳಿಕೊಂಡರೆ ಪೇಟೆಂಟಾ?

ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಮಗಳ ಮದುವೆ ಓಡಾಟ ನಡೆದಿತ್ತು. ಅಡಿಗೆ ಭಟ್ಟರು ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ಲೆಕ್ಕ ಒಪ್ಪಿಸುತ್ತಿದ್ದರು. "ಹೋಳಿಗೆ ಆಗ್ತದೆ. ಚಿರೋಟಿ ನಮ್ಮ ಕೈಲಿ ಆಗೋದಿಲ್ಲ. ಎರಡು ಒಲೆ ಕೊಟ್ಟರೆ 400 ಎಲೆ, ಮೂರು ಕೊಟ್ಟರೆ 600." ಅಪ್ಪ ಹಳೇ ಡೈರಿಯಲ್ಲಿ ಎಲ್ಲ ಬರೆದುಕೊಂಡರು. ನಾನು ಮ್ಯೂನಿಕ್‌ಗೆ ಬಂದು 9 ವರ್ಷವಾದರೂ ಇಲ್ಲಿ ಮಾಡುವ ಕೆಲಸ ಏನು ಅಂತ ಅಪ್ಪನಿಗೆ ತಿಳಿಸಿ ಹೇಳಲು ಆಗಿರಲಿಲ್ಲ. ಇದೇ ಸಮಯ ಅಂದುಕೊಂಡೆ. "ಅಪ್ಪ, ಫೋನೂ ಟವರಿಗೆ ಹೀಗೇ ಒಪ್ಪಿಸ್ತದೆ. ಆ ಒಪ್ಪಿಸೋ ರೀತಿ ಹೊಸದು ಅಂತ ವಾದ ಮಾಡೋದೇ ನನ್ನ ಕೆಲಸ."

ಅಪ್ಪ ಕನ್ನಡಕದ ಮೇಲಿಂದ ನೋಡಿದರು. "ನನ್ನ ಕೈಲಿ ಇಷ್ಟು ಆಗ್ತದೆ ಅಂತ ಹೇಳೋದಕ್ಕೂ ಪೇಟೆಂಟಾ ಮಾರಾಯ?"

ಅರ್ಜಿಗಳನ್ನು ಪರೀಕ್ಷಿಸುವ ಪೇಟೆಂಟ್ ಎಕ್ಸಾಮಿನರ್ ಕೇಳಬೇಕಾದ ಪ್ರಶ್ನೆಯೇ ಅದು. ಈ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕುವ ದಾರಿ ಒಂದು, ನಮ್ಮಲ್ಲಿ ಹುಡುಕುವ ದಾರಿ ಇನ್ನೊಂದು. ಬೆಂಗಳೂರಿನಲ್ಲಿ 6 ವರ್ಷ ಇದೇ ಕೆಲಸ ಮಾಡಿದ್ದೇನೆ, ಈಗ ಇಲ್ಲಿ. ಎರಡೂ ಕಡೆ ಮೇಜಿನ ಈಚೆಗೆ ಕೂತವನು, ಅಂದರೆ ಎಕ್ಸಾಮಿನರ್‌ಗೆ ಉತ್ತರ ಬರೆಯುವವನು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದರೆ ಕ್ಷಮಿಸಿ.

ಮೊದಲು ಫೋನಿನ ಕಥೆ. ಹೊಸ ಫೋನು ನೆಟ್‌ವರ್ಕಿಗೆ ಸೇರಿಕೊಂಡಾಗ ಟವರು "ನಿನ್ನ ಕೈಲಿ ಏನೇನು ಆಗುತ್ತದೆ?" ಎಂದು ಕೇಳುತ್ತದೆ. ಫೋನು ಒಂದು ಪಟ್ಟಿ ಕಳಿಸುತ್ತದೆ. ಯಾವ ಬ್ಯಾಂಡ್ (ಫ್ರೀಕ್ವೆನ್ಸಿಗಳ ಗುಂಪು), ಯಾವ ಬ್ಯಾಂಡಿನ ಜೊತೆ ಯಾವುದು, ಒಟ್ಟಿಗೆ ಎಷ್ಟು ಆಂಟೆನಾದಿಂದ ಕಳಿಸಬಲ್ಲೆ, ಎಷ್ಟು ಪವರ್ ಹಾಕಬಲ್ಲೆ ಎಲ್ಲ ಅದರಲ್ಲಿರುತ್ತದೆ. 5ಜಿಯಲ್ಲಿ ಈ ಸಾಮರ್ಥ್ಯಗಳ ವಿವರಕ್ಕೇ 38.306 ಎಂಬ ಪ್ರತ್ಯೇಕ ದಾಖಲೆ ಇದೆ. ಬರೆದವರು 3ಜಿಪಿಪಿ, ಮೊಬೈಲ್ ಜಗತ್ತಿನ ನಿಯಮ ಬರೆಯುವ ಕೂಟ. ಪಟ್ಟಿ ಬೆಳೆಯುತ್ತಾ ಬೆಳೆಯುತ್ತಾ ಒಂದೇ ಸಂದೇಶದಲ್ಲಿ ಹಿಡಿಸದಷ್ಟಾಯಿತು. ಆ ನಿಯಮಗಳ ರಿಲೀಸ್ 16 ಎಂಬ ಆವೃತ್ತಿಯಲ್ಲಿ ಅದನ್ನು ತುಂಡು ಮಾಡಿ ಕಳಿಸುವ ವ್ಯವಸ್ಥೆ ತಂದರು. ಪೂರ್ತಿ ಪಟ್ಟಿಯ ಬದಲು ಒಂದು ಗುರುತಿನ ಸಂಖ್ಯೆ ಹೇಳಿದರೆ ಸಾಕು ಎನ್ನುವ ಏರ್ಪಾಡೂ ಆಗಲೇ ಬಂತು. ಭಟ್ಟರು ಪಟ್ಟಿ ಓದದೆ "ಹೋದ ವರ್ಷ ಹೆಗಡೇರ ಮನೇಲಿ ಮಾಡಿದ ಹಾಗೇ" ಅಂದುಬಿಟ್ಟ ಹಾಗೆ.

ಫೋನಿನಿಂದ ಟವರಿಗೆ ಹೋಗುವುದು ಅಪ್‌ಲಿಂಕ್. ಒಗಟುಗಳು ಜಾಸ್ತಿ ಇರುವುದು ಅಲ್ಲೇ. ಉದಾಹರಣೆಗೆ, ಎಷ್ಟೋ ಫೋನುಗಳಿಗೆ ನಾಲ್ಕು ಕಿವಿ, ಒಂದೇ ಬಾಯಿ. ನಾಲ್ಕು ಆಂಟೆನಾದಲ್ಲಿ ಕೇಳಿಸಿಕೊಳ್ಳಬಲ್ಲವು, ಒಂದು ಸಲಕ್ಕೆ ಒಂದರಿಂದ ಮಾತ್ರ ಕಳಿಸಬಲ್ಲವು. ಟವರಿಗೆ ಆ ನಾಲ್ಕೂ ಕಿವಿಯ ದಾರಿ ಹೇಗಿದೆ ಎಂದು ತಿಳಿಯಬೇಕು. ಹೋಗುವುದಕ್ಕೂ ಬರುವುದಕ್ಕೂ ಒಂದೇ ಫ್ರೀಕ್ವೆನ್ಸಿ ಇದ್ದರೆ ಒಂದು ಉಪಾಯ ಇದೆ. ನಮ್ಮಲ್ಲಿ 5ಜಿ ಓಡುವ 3.3 ಗಿಗಾಹರ್ಟ್ಸ್ ಬ್ಯಾಂಡ್ ಅಂಥದ್ದೇ. ಫೋನು ತನ್ನ ಒಂದೇ ಬಾಯಿಯನ್ನು ಒಂದೊಂದು ಆಂಟೆನಾಕ್ಕೂ ಸರದಿಯಂತೆ ಜೋಡಿಸಿ 'ಹಲೋ' ಅನ್ನುತ್ತದೆ. ಆ ಹಲೋಗೆ ಎಸ್‌ಆರ್‌ಎಸ್ ಎಂದು ಹೆಸರು. ನಾಲ್ಕು ಸಲ ಕೇಳಿಸಿಕೊಂಡ ಟವರಿಗೆ ನಾಲ್ಕು ದಾರಿಯೂ ಗೊತ್ತಾಯಿತು. ಆದರೆ ಹೀಗೆ ಬಾಯಿ ತಿರುಗಿಸುವುದು ಎಲ್ಲ ಫೋನಿಗೂ ಬರುವುದಿಲ್ಲ. ಬರುತ್ತದೋ ಇಲ್ಲವೋ ಮೊದಲೇ ಹೇಳಬೇಕು. 1ಟಿ4ಆರ್, 2ಟಿ4ಆರ್ ಎಂದು ಹೇಳುವುದು ಇದನ್ನೇ; ಟಿ ಅಂದರೆ ಕಳಿಸುವ ಬಾಯಿ, ಆರ್ ಅಂದರೆ ಕೇಳುವ ಕಿವಿ.

ಇನ್ನೊಂದು ನನಗೆ ತುಂಬಾ ಇಷ್ಟದ್ದು. ಸಾಮಾನ್ಯ ಫೋನು ಕಳಿಸುವ ಪವರ್ ಹೆಚ್ಚೆಂದರೆ 23 ಡಿಬಿಎಂ, ಸುಮಾರು 200 ಮಿಲಿವ್ಯಾಟ್. ಕೆಲವು ಫೋನುಗಳು 26 ಡಿಬಿಎಂ ಹಾಕಬಲ್ಲವು; ಈ ಅಳತೆಯಲ್ಲಿ 3 ಏರಿದರೆ ಪವರ್ ಎರಡರಷ್ಟು. ಟವರು ದೂರ ಇದ್ದವರಿಗೆ ವರದಾನ. ಆದರೆ ಫೋನು ಇರುವುದು ಕಿವಿಯ ಪಕ್ಕದಲ್ಲಿ. ಮೈಗೆ ತಾಗುವ ಅಲೆಗೆ ಮಿತಿ ಇದೆ. ಹಾಗಾಗಿ "ಇಷ್ಟು ಜೋರಾಗಿ ಕೂಗಬಲ್ಲೆ, ಆದರೆ ಒಟ್ಟು ಸಮಯದಲ್ಲಿ ಇಷ್ಟು ಪಾಲು ಮಾತ್ರ" ಎಂದು ಫೋನು ಹೇಳುತ್ತದೆ. ಶೇಕಡಾ 60, 70, 80, 90 ಅಥವಾ 100. ಏನೂ ಹೇಳದಿದ್ದರೆ 50 ಎಂದು ಲೆಕ್ಕ. ಆ ಪಾಲು ಮೀರಿದರೆ ಫೋನು ತನ್ನ ದನಿ ಇಳಿಸಿಕೊಂಡು 23ಕ್ಕೆ ಬರಬಹುದು. ಐದು ಆಯ್ಕೆಯಲ್ಲಿ ಒಂದು ಹೇಳುವುದಕ್ಕೆ ಮೂರು ಬಿಟ್ ಸಾಕು. ಆ ಮೂರು ಬಿಟ್ಟಿನ ಹಿಂದೆ ಬ್ಯಾಟರಿ, ಕಿವಿ, ದೂರದ ಟವರು ಎಲ್ಲ ಇದೆ.

ಈಗ ಇಂಥದ್ದೊಂದಕ್ಕೆ ಪೇಟೆಂಟ್ ಕೇಳಿದರೆ ಏನಾಗುತ್ತದೆ?

ಇಲ್ಲಿ ಯುರೋಪಿಯನ್ ಪೇಟೆಂಟ್ ಆಫೀಸ್ ಇರುವುದು ಇಸಾರ್ ಹೊಳೆಯ ದಂಡೆಯಲ್ಲಿ. ಅದು ಯುರೋಪಿಯನ್ ಯೂನಿಯನ್ನಿನ ಕಚೇರಿ ಅಲ್ಲ. 1973ರಲ್ಲಿ ಇದೇ ಊರಿನಲ್ಲಿ ಸಹಿಯಾದ ಒಪ್ಪಂದದ ಮೇಲೆ ನಿಂತದ್ದು, ಈಗ 39 ದೇಶಗಳು ಸದಸ್ಯರು. ಒಂದು ಅರ್ಜಿಗೆ ಮೂವರು ಎಕ್ಸಾಮಿನರ್‌ಗಳು. ಹೆಚ್ಚಿನ ಕೆಲಸ ಒಬ್ಬರದೇ, ಆದರೂ ತೀರ್ಮಾನಕ್ಕೆ ಮೂವರೂ ಬೇಕು. ಅವರು ಮಾಡುವುದು ಇಷ್ಟು. ನಿನ್ನದಕ್ಕೆ ಹತ್ತಿರದ ಹಳೆಯ ದಾಖಲೆ ಇದು. ಅದಕ್ಕೂ ನಿನ್ನದಕ್ಕೂ ವ್ಯತ್ಯಾಸ ಇದು. ಈ ವ್ಯತ್ಯಾಸದಿಂದ ಏನು ಬದಲಾಯಿತು? ಆ ಬದಲಾವಣೆ ಬೇಕು ಅನ್ನಿಸಿದರೆ, ಇದೇ ಕಸುಬಿನ ಇನ್ನೊಬ್ಬ ಇಂಜಿನಿಯರ್ ಹೆಚ್ಚು ತಲೆ ಕೆಡಿಸಿಕೊಳ್ಳದೆ ಇದೇ ದಾರಿ ಹಿಡಿಯುತ್ತಿದ್ದನಾ?

ಈ ಜರಡಿಯಲ್ಲಿ "ಫೋನು ತನ್ನ ಸಾಮರ್ಥ್ಯ ತಿಳಿಸುತ್ತದೆ" ಎಂಬುದಷ್ಟೇ ಇದ್ದರೆ ನಿಲ್ಲುವುದಿಲ್ಲ. 2ಜಿ ಕಾಲದಲ್ಲೇ ಫೋನುಗಳು ಕ್ಲಾಸ್‌ಮಾರ್ಕ್ ಎಂಬ ಹೆಸರಲ್ಲಿ ತಮ್ಮ ಪವರ್ ಎಷ್ಟು ಎಂದು ಹೇಳುತ್ತಿದ್ದವು. 'ಹೊಸ ವಿದ್ಯೆ ಕಲಿತ ಫೋನು ಅದನ್ನು ಹೇಳಿಕೊಳ್ಳದೆ ಇನ್ನೇನು ಮಾಡೀತು' ಎಂಬ ಅರ್ಥದ ಒಂದು ಸಾಲು ಬರುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮಪ್ಪ ಇಲ್ಲಿ ಎಕ್ಸಾಮಿನರ್ ಆಗಬಹುದಿತ್ತು.

ಇಲ್ಲಿ ಸಿಮ್ ಕಾರ್ಡಿನದ್ದೇ ಒಂದು ಪ್ರಸಿದ್ಧ ಕೇಸಿದೆ, 2002ರ ತೀರ್ಪು, ಕಾಮ್ವಿಕ್ ಎಂದು ಹೆಸರು. ಒಂದೇ ಸಿಮ್ಮಿನಲ್ಲಿ ಎರಡು ಗುರುತು. ಆಫೀಸಿನ ಕರೆಯ ಖರ್ಚು ಆಫೀಸಿಗೆ, ಮನೆಯದು ಮನೆಗೆ. ಖರ್ಚು ಹಂಚಿಕೊಳ್ಳುವುದು ಲೆಕ್ಕದ ವ್ಯವಹಾರ, ಅದನ್ನು ಜಾಣ್ಮೆಯ ಲೆಕ್ಕಕ್ಕೆ ಸೇರಿಸಲಾಗದು, ಯಂತ್ರದ ಕಡೆ ಏನು ಹೊಸದು ಹೇಳಿ ಎಂದು ಪೇಟೆಂಟ್ ಆಫೀಸಿನ ಮೇಲ್ಮನವಿ ಬೋರ್ಡ್ ಕೇಳಿತು. ಪೇಟೆಂಟ್ ಉಳಿಯಲಿಲ್ಲ. ಗಮನಿಸಬೇಕಾದ್ದು ಏನೆಂದರೆ, ಬಾಗಿಲಲ್ಲೇ ತಡೆಯಲಿಲ್ಲ. ಒಳಗೆ ಕರೆದು ಕೂರಿಸಿ, ಯಾವುದು ಯಂತ್ರದ ಮಾತು, ಯಾವುದು ಅಲ್ಲ ಎಂದು ಬಿಡಿಸಿ ನೋಡಿ, ಆಮೇಲೆ ಕಳಿಸಿದರು.

ನಮ್ಮಲ್ಲಿ ಬಾಗಿಲಲ್ಲೇ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ನಿಂತಿರುತ್ತದೆ. ಗಣಿತದ ವಿಧಾನ, ವ್ಯಾಪಾರದ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ 'ಪರ್ ಸೆ' (ಅಂದರೆ ಬರೀ ಪ್ರೋಗ್ರಾಂ), ಆಲ್ಗಾರಿದಂ ಇವು ಆವಿಷ್ಕಾರ ಅಲ್ಲ ಎನ್ನುವ ಕಲಮು. ಕಲಮು ಇರುವುದು ತಪ್ಪಲ್ಲ. ಸುಮ್ನೆ ಲೆಕ್ಕ ಬರೆದು ಪೇಟೆಂಟ್ ಹೊಡೆದುಕೊಂಡು ಹೋಗುವವರನ್ನು ತಡೆಯಲು ಅದು ಬೇಕು. ಆದರೆ ವೈರ್‌ಲೆಸ್ ಅರ್ಜಿಯಲ್ಲಿ 'ಕಳಿಸು, ಪಡೆ, ತೀರ್ಮಾನಿಸು' ಎಂಬ ಹಂತಗಳನ್ನು ಕಂಡ ಕೂಡಲೇ ಆಲ್ಗಾರಿದಂ ಎಂದು ಕೈ ತೋರಿಸುವ ಅಭ್ಯಾಸ ಬೆಳೆದುಬಿಟ್ಟಿದೆ. 2016ರ ಫೆಬ್ರವರಿಯ ಮಾರ್ಗಸೂಚಿಯಂತೂ ಹೊಸ ಹಾರ್ಡ್‌ವೇರ್ ಎಲ್ಲಿ ತೋರಿಸಿ ಎಂದಿತ್ತು. 2017ರಲ್ಲಿ ಅದನ್ನು ಕೈಬಿಟ್ಟರು. ಟ್ಯುನೀಷಿಯಾದ ಫೆರಿದ್ ಅಲ್ಲಾನಿ ಎಂಬವರು 2002ರಲ್ಲಿ ನಮ್ಮಲ್ಲಿ ಹಾಕಿದ ಅರ್ಜಿ ದೆಹಲಿ ಹೈಕೋರ್ಟಿನವರೆಗೂ ಹೋಯಿತು. ತಾಂತ್ರಿಕ ಪರಿಣಾಮ ಇದ್ದರೆ ಅದು ಪ್ರೋಗ್ರಾಂ ಎನ್ನುವ ಒಂದೇ ಕಾರಣಕ್ಕೆ ತಳ್ಳುವಂತಿಲ್ಲ ಎಂದು ಕೋರ್ಟು ಹೇಳಿದ್ದು 2019ರಲ್ಲಿ. ಅಷ್ಟು ಹೊತ್ತಿಗೆ ಜಗತ್ತು 2ಜಿಯಿಂದ 5ಜಿಗೆ ಬಂದಿತ್ತು.

ಮತ್ತೆ ಆ ಶೇಕಡಾ 60ರ ವಿಷಯಕ್ಕೆ ಬನ್ನಿ. ಕಾಗದದ ಮೇಲೆ ಅದು ಒಂದು ಅಂಕಿ. 3(ಕೆ) ಕನ್ನಡಕದಲ್ಲಿ ನೋಡಿದರೆ ಆಲ್ಗಾರಿದಂ. ಆದರೆ ಅಂಕಿ ಕೇಳಿದ ಟವರು ಫೋನಿಗೆ ಕೊಡುವ ಸಮಯ ಬದಲಿಸುತ್ತದೆ, ಫೋನು ಹಾಕುವ ಪವರ್ ಅದರ ಮೇಲೆ ನಿಲ್ಲುತ್ತದೆ, ಊರಾಚೆ ತೋಟದ ಮನೆಯಿಂದ ವಿಡಿಯೋ ಕರೆ ಹೋಗುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. ಇದು ಯಂತ್ರದ ಮಾತಲ್ಲದೆ ಇನ್ನೇನು? ಹಳೆಯದು ಅನ್ನಿ, ಒಪ್ಪುತ್ತೇನೆ. ಯಾರಿಗಾದರೂ ಹೊಳೆಯುತ್ತಿತ್ತು ಅನ್ನಿ, ವಾದ ಮಾಡುತ್ತೇನೆ. ಆವಿಷ್ಕಾರದ ಜಾತಿಗೇ ಸೇರಿಲ್ಲ ಅಂದರೆ ಏನು ಉತ್ತರ ಬರೆಯುವುದು? ಬರೆದದ್ದೆಲ್ಲ ಕಲಮಿನ ಅರ್ಥದ ಜಗಳ ಆಗುತ್ತದೆ, ಆಂಟೆನಾದ ಮಾತು ಬರುವುದೇ ಇಲ್ಲ. ಅದರಿಂದ ಇನ್ನೊಂದು ನಷ್ಟವೂ ಇದೆ. ಮೂಲೆಗೆ ಹಾಕಬೇಕಾದ ಟೊಳ್ಳು ಅರ್ಜಿ 3(ಕೆ) ದಾಟುವ ಪದಗಳನ್ನು ಚಂದವಾಗಿ ಜೋಡಿಸಿಕೊಂಡು, "ಪ್ರೊಸೆಸರ್, ಮೆಮೊರಿ, ಟ್ರಾನ್ಸೀವರ್" ಎಂದು ಅಂಗಿ ತೊಟ್ಟು ಒಳಗೆ ಬರುತ್ತದೆ.

ಹಾಗಂತ ಇಲ್ಲಿಯದೆಲ್ಲ ಚಿನ್ನ ಅಲ್ಲ. ಮೊದಲು ಬರೆದುಕೊಟ್ಟ ಕಾಗದದಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸುವಂತಿಲ್ಲ ಎಂಬ ನಿಯಮ ಎಲ್ಲ ಕಡೆ ಇದೆ. ಇಲ್ಲಿ ಅದನ್ನು ಹಿಡಿಯುವ ಪರಿ ನೋಡಿದರೆ ನಮ್ಮ ಮಡಿ ಅಜ್ಜಿಯರು ನೆನಪಾಗುತ್ತಾರೆ. ಬೆಂಗಳೂರಿನಲ್ಲಿದ್ದಾಗ ನಾನೇ ಬರೆದ ಒಂದು ಅರ್ಜಿಯ ಡ್ರಾಫ್ಟು ಇಲ್ಲಿಗೆ ಬಂದ ಮೇಲೆ ನನ್ನ ಮೇಜಿಗೇ ಬಂತು, ಕರ್ಮ ಅಂದರೆ ಇದು. ಅದರಲ್ಲಿ ಉದ್ದಕ್ಕೂ ಎಸ್‌ಆರ್‌ಎಸ್ ಎಂದೇ ಬರೆದಿದ್ದೆ. ಕೊನೆಗೊಂದು ಕಡೆ "ಮುಂತಾದ ಸಿಗ್ನಲ್‌ಗಳು" ಎಂದು ಸೇರಿಸಿ ಜಾಣ ಎಂದುಕೊಂಡಿದ್ದೆ. ಈಗ ಕ್ಲೇಮನ್ನು, ಅಂದರೆ ಹಕ್ಕು ಎಲ್ಲಿಯವರೆಗೆ ಎಂದು ಹೇಳುವ ಸಾಲನ್ನು, "ಅಪ್‌ಲಿಂಕ್ ರೆಫರೆನ್ಸ್ ಸಿಗ್ನಲ್" (ಎಸ್‌ಆರ್‌ಎಸ್ ಅದರಲ್ಲಿ ಒಂದು ಬಗೆ) ಎಂದು ಅಗಲ ಮಾಡಲು ಹೋದರೆ, ಆ 'ಮುಂತಾದ'ದಲ್ಲಿ ಅದು ಎಲ್ಲಿದೆ ತೋರಿಸಿ ಎಂದರು. ತೋರಿಸಲು ಏನೂ ಇರಲಿಲ್ಲ. ಫೋನು ಸಾಮರ್ಥ್ಯ ಹೇಳುವುದು 'ಬ್ಯಾಂಡ್‌ಗಳ ಜೋಡಣೆಗೆ ಒಂದರಂತೆ' ಎಂದು ಬರೆದದ್ದನ್ನು 'ಬ್ಯಾಂಡಿಗೆ ಒಂದರಂತೆ' ಮಾಡಲೂ ಆಗಲಿಲ್ಲ. ಇಂಜಿನಿಯರ್‌ಗೆ ಎರಡೂ ಒಂದೇ ಕುಟುಂಬದ ಮಾತು. ಇಲ್ಲಿ ಗೋತ್ರವೇ ಬೇರೆ.

ದಿನಾಂಕದ ವಿಷಯದಲ್ಲೂ ಹಾಗೇ ಕಟ್ಟುನಿಟ್ಟು. 3ಜಿಪಿಪಿ ಸಭೆಗೆ ಕಂಪನಿಗಳು ಕೊಡುವ ಪ್ರಸ್ತಾಪಗಳು, ಕಸುಬಿನವರ ಬಾಯಲ್ಲಿ ಟಿ-ಡಾಕ್‌ಗಳು, ಸರ್ವರಿಗೆ ಏರಿದ ಕೂಡಲೇ ಲೋಕಕ್ಕೆಲ್ಲ ಕಾಣುತ್ತವೆ. ಇಲ್ಲಿಯ ಎಕ್ಸಾಮಿನರ್‌ಗಳ ಹುಡುಕಾಟದ ಭಂಡಾರದಲ್ಲಿ ಅವೂ ಇವೆ. ನಿಮ್ಮದೇ ಟಿ-ಡಾಕ್ ನಿಮ್ಮ ಅರ್ಜಿಗಿಂತ ಒಂದು ದಿನ ಮೊದಲು ಏರಿದ್ದರೆ ನಿಮ್ಮ ವಿರುದ್ಧವೇ ಅದು ಸಾಕ್ಷಿ. ಅಮೆರಿಕದಲ್ಲಿ ಒಂದು ವರ್ಷದ ರಿಯಾಯಿತಿ ಉಂಟು, ಇಲ್ಲಿಲ್ಲ. ಬೆಂಗಳೂರಿನಲ್ಲಿ ಸಭೆಯ ಹಿಂದಿನ ರಾತ್ರಿ 11 ಗಂಟೆಗೆ ಪ್ರೊವಿಶನಲ್, ಅಂದರೆ ತಾತ್ಕಾಲಿಕ ಅರ್ಜಿ, ಫೈಲ್ ಮಾಡಲು ಕೂತವರಿಗೆ ಇದರ ಬಿಸಿ ಗೊತ್ತು. ಇಂಜಿನಿಯರ್ ಇನ್ನೂ ಚಿತ್ರ ಬಿಡಿಸುತ್ತಿರುತ್ತಾನೆ, ಕ್ಯಾಂಟೀನಿನಲ್ಲಿ ಬಿಸ್ಕೆಟ್ ಬಿಟ್ಟು ಏನೂ ಉಳಿದಿರುವುದಿಲ್ಲ. ಆ 'ಮುಂತಾದ' ಹುಟ್ಟಿದ್ದೂ ಅಂಥದ್ದೇ ಒಂದು ರಾತ್ರಿ.

ನಮ್ಮಲ್ಲಿಯ ಕೆಲವು ಸಂಗತಿ ನನಗೆ ನಿಜಕ್ಕೂ ಇಷ್ಟ. ಒಬ್ಬ ವ್ಯಕ್ತಿ, ಇಲ್ಲವೇ ಸ್ಟಾರ್ಟಪ್ ಆನ್‌ಲೈನ್‌ನಲ್ಲಿ 1,600 ರೂಪಾಯಿಗೆ ಅರ್ಜಿ ಹಾಕಬಹುದು. ಪೇಟೆಂಟ್ ಕೊಡುವ ಮುಂಚೆಯೇ ಯಾರು ಬೇಕಾದರೂ ವಿರೋಧ ಹಾಕಿ, ತಮ್ಮ ಮಾತನ್ನು ಎದುರು ಕೂತು ಹೇಳಲು ಅವಕಾಶ ಕೇಳಬಹುದು. ಇಲ್ಲಿ ಹೊರಗಿನವರು ಚೀಟಿ ಬರೆದು ಒಳಗೆ ಹಾಕಬಹುದು ಅಷ್ಟೇ, ಜಗಳಕ್ಕೆ ಪೇಟೆಂಟ್ ಆದ ಮೇಲಿನ 9 ತಿಂಗಳು. ಆದರೆ ಹಿಯರಿಂಗ್ ವಿಷಯದಲ್ಲಿ ಇವರದೇ ವಾಸಿ. ಮೂವರೂ ಕೂತು ಕೇಳುತ್ತಾರೆ, ಸ್ವಲ್ಪ ಹೊತ್ತು ಪರದೆಯಿಂದ ಮರೆಯಾಗುತ್ತಾರೆ, ಬಂದು ತೀರ್ಮಾನ ಹೇಳುತ್ತಾರೆ. ಸಾಮಾನ್ಯವಾಗಿ ಅವತ್ತೇ. ಸೋತರೂ ರಾತ್ರಿ ನಿದ್ದೆ ಬರುತ್ತದೆ. ನಮ್ಮಲ್ಲಿ ವಾದ ಮುಗಿದ ಮೇಲೆ 15 ದಿನದಲ್ಲಿ ಬರೆದುಕೊಡಬೇಕು, ಆಮೇಲೆ ಆದೇಶಕ್ಕೆ ಕಾಯಬೇಕು.

ಬೆಂಗಳೂರಿನಲ್ಲಿ ಪೇಟೆಂಟ್ ಆಫೀಸೇ ಇಲ್ಲ, ಕರ್ನಾಟಕದವರ ಅರ್ಜಿ ಚೆನ್ನೈಗೆ ಹೋಗುತ್ತದೆ ಎಂದು ಕೆಲವರಿಗೆ ಬೇಸರ. ನನಗೇನೂ ಇಲ್ಲ. ಎಲ್ಲ ಆನ್‌ಲೈನ್ ಆದ ಮೇಲೆ ಆಫೀಸು ಎಲ್ಲಿದ್ದರೇನು? ಒಳಗೆ ಕೂತವರು ಮೊದಲು ಕೇಳುವ ಪ್ರಶ್ನೆ ಯಾವುದು ಎನ್ನುವುದು ನನಗೆ ಮುಖ್ಯ. "ಇದು ಯಾವ ಕಲಮಿಗೆ ಬೀಳುತ್ತದೆ?" ಎಂಬುದನ್ನು ಎರಡನೆಯದು ಮಾಡಿ, "ಇದರಿಂದ ಏನು ಬದಲಾಯಿತು?" ಎಂಬುದನ್ನು ಮೊದಲು ಕೇಳಿದರೆ ಕಾನೂನಿನ ಒಂದಕ್ಷರ ತಿದ್ದಬೇಕಾಗಿಲ್ಲ.

ನಾವು ಬರೆಯುವವರೂ ಬದಲಾಗಬೇಕು ಅನ್ನಿ. ಹೋದ ವಾರ ಬೆಂಗಳೂರಿನ ಹುಡುಗನೊಬ್ಬ ಕ್ಲೇಮ್ ಕಳಿಸಿ, "ಸರ್, ಒಂದ್ಸಲ ನೋಡಿ" ಅಂದ. ಫೋನು ಅಪ್‌ಲಿಂಕ್ ಸಾಮರ್ಥ್ಯ ತಿಳಿಸುತ್ತದೆ, ಟವರು ಪಡೆಯುತ್ತದೆ. ಅಲ್ಲಿಗೆ ನಿಂತಿತ್ತು.

"ಟವರು ಕೇಳಿಸಿಕೊಂಡ ಮೇಲೆ ಏನು ಮಾಡ್ತದಪ್ಪಾ?"

"ಅದು... ಆಂಟೆನಾ ತಿರುಗಿಸೋದಕ್ಕೆ ಬೇಕಾದಷ್ಟು ಗ್ಯಾಪ್ ಬಿಡ್ತದೆ ಸರ್. ಈ ಫೋನಿಗೆ ಕಮ್ಮಿ ಸಾಕು ಅಂತ ಗೊತ್ತಾದರೆ ಕಮ್ಮಿ ಬಿಡ್ತದೆ. ಉಳಿದಿದ್ದು ಬೇರೆ ಡೇಟಾಗೆ ಸಿಗ್ತದೆ."

"ಅದನ್ನ ಯಾಕೆ ಬರೆದಿಲ್ಲ?"

"ಅದು ಎಲ್ಲರಿಗೂ ಗೊತ್ತಿರುತ್ತಲ್ವಾ ಸರ್ ಅಂತ ಬಿಟ್ಟೆ."

ಬರೆದು ಮತ್ತೆ ಕಳಿಸು ಅಂದಿದ್ದೇನೆ. 'ಮುಂತಾದ' ಹಾಕಬೇಡ ಅಂತಲೂ ಹೇಳಿದ್ದೇನೆ.