ಎರಡನೆಯ ಲಿಪಿಗೆ ಕಾಯಬೇಕಾಗಿಲ್ಲ

ಶಾಲೆಯ ಲಿಪಿ ಗಟ್ಟಿಯಾಗುವ ತನಕ ಮನೆಯಲ್ಲಿ ಕನ್ನಡ ಅಕ್ಷರ ಕಲಿಸಬಾರದು, ಕಲಿಸಿದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ಮಾತನ್ನು ನಾನು ಒಪ್ಪಲಾರೆ. ಮುಂಬೈ ಬಳಿಯ ಡೊಂಬಿವಲಿಯಲ್ಲಿರುವ ನಮ್ಮ ಮನೆಯಲ್ಲಿ ಆರು ವರ್ಷದ ಮಗಳು ಶಾಲೆಯಲ್ಲಿ ಇಂಗ್ಲಿಷ್, ಮರಾಠಿ ಕಲಿತು ಬಂದು, ಸಂಜೆ ಅಜ್ಜಿಯ ಬಳಿ ಸ್ಲೇಟು ಹಿಡಿದು ಕನ್ನಡ ತಿದ್ದುತ್ತಾಳೆ. ಮರಾಠಿ ಬರೆಯುವ ದೇವನಾಗರಿಯೂ ಕನ್ನಡವೂ ಪ್ರಾಚೀನ ಬ್ರಾಹ್ಮಿಯಿಂದ ಬಂದ ಲಿಪಿಗಳಾದ್ದರಿಂದ ಕ, ಖ, ಗ, ಘ ಎಂಬ ವರ್ಗಗಳ ಅನುಕ್ರಮವನ್ನು ಒಮ್ಮೆ ಕಲಿತ ಮಗುವಿಗೆ ಎರಡನೆಯ ಲಿಪಿಯಲ್ಲಿ ಹೆಚ್ಚಾಗಿ ಉಳಿಯುವುದು ಅಕ್ಷರಗಳ ಆಕಾರವಷ್ಟೇ. ತೊಡಕು ಇಲ್ಲವೆಂದಲ್ಲ: ಮೊದಮೊದಲು ‘ಅಮ್ಮ’ ಎಂಬುದನ್ನು ‘ಅಮಮ’ ಎಂದು ಬರೆದು, ಮರಾಠಿಯಲ್ಲಿ ಅರ್ಧಾಕ್ಷರ ಪಕ್ಕದಲ್ಲೇ ನಿಲ್ಲುವಾಗ ಇಲ್ಲಿ ಒತ್ತು ಕೆಳಗೇಕೆ ಎಂದು ಕೇಳಿದ್ದಳು. ಎರಡು ಲಿಪಿಗಳನ್ನು ಹೋಲಿಸಿ ನೋಡಿದ ಮಗುವಷ್ಟೇ ಹಾಗೆ ಕೇಳೀತು. ಕಳೆದ ವಾರ ಊರಿನಿಂದ ಬಂದ ಪೊಟ್ಟಣದ ಮೇಲಿನ ‘ಉದ್ದಿನ ಹಪ್ಪಳ’ವನ್ನು ಬೆರಳಿಟ್ಟು, ಒತ್ತುಗಳ ಸಮೇತ ತಾನೇ ಓದಿದಳು. ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಕಾಯ್ದೆಯಂತೆ ಮರಾಠಿ ಕಡ್ಡಾಯ, ಇಂಗ್ಲಿಷಂತೂ ಇದ್ದೇ ಇದೆ. ಇವೆರಡೂ ಗಟ್ಟಿಯಾಗಲೆಂದು ನಮ್ಮ ಅಣ್ಣ ಕಾದರು, ಅವರ ಮಕ್ಕಳಿಬ್ಬರೂ ಇಂದು ಕನ್ನಡವನ್ನು ಚೆನ್ನಾಗಿ ಮಾತಾಡುತ್ತಾರೆ, ಆದರೆ ಅಜ್ಜಿ ಬರೆದ ಒಂದು ಸಾಲನ್ನೂ ಓದಲಾರರು.