ಉಪ್ಪು ತಡೆಯುವ ಗೋಧಿ ಉಪ್ಪಾಗಿರುವುದಿಲ್ಲ

"ಉಪ್ಪಿನ ಜೀನ್ ಹಾಕಿದ ಗೋಧಿ ಬಂದಿದೆ, ಚಪಾತಿ ತಿಂದರೆ ಬಿಪಿ ಏರುತ್ತೆ" ಅಂತ ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಮಾತು ತಪ್ಪು. ನಮ್ಮಮ್ಮ ಕೂಡ ಹೆದರಿ ಹಿಟ್ಟಿನ ಡಬ್ಬ ಬದಿಗಿಟ್ಟಿದ್ದರು.

ಆ ಜೀನ್ ಮಾಡುವುದು ಉಲ್ಟಾ ಕೆಲಸ. ಬೇರಿನಿಂದ ನೀರು ಮೇಲೇರುವ ಕೊಳವೆಯಲ್ಲೇ ಸೋಡಿಯಂ ಹಿಡಿದು ಹೊರಗೆಳೆಯುತ್ತದೆ. ಎಲೆಗೆ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಅದನ್ನು ಹಳೇ ಕಾಲದ ಐನ್‌ಕಾರ್ನ್ ಜಾತಿಯ ಗೋಧಿಯಿಂದ ಪಾಸ್ತಾ ಮಾಡುವ ಡ್ಯೂರಂ ಗೋಧಿಗೆ ತಂದಿದ್ದು ಸಾಮಾನ್ಯ ಕ್ರಾಸಿಂಗ್‌ನಿಂದಲೇ, ಅಂದರೆ ಎರಡು ಗೋಧಿಗಳ ಪರಾಗ ಬೆರೆಸುವ ತಳಿಸಂಕರದಿಂದ. 2012ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಉಪ್ಪು ನೆಲದಲ್ಲಿ ಆ ಜೀನ್ ಇಲ್ಲದ ಅದೇ ಗೋಧಿಗಿಂತ ಇಳುವರಿ 25% ಜಾಸ್ತಿ ಬಂತು. ನಮ್ಮ ದೇಶದ್ದೇ ಆದ ಖರ್ಚಿಯಾ ಎಂಬ ರಾಜಸ್ಥಾನದ ನಾಟಿ ಗೋಧಿಯ ಉಪ್ಪು ತಡೆಯುವ ಗುಣ ಹರಿಯಾಣದ ಕರ್ನಾಲ್‌ನಲ್ಲಿ ಬೆಳೆಸಿದ ಕೆಆರ್‌ಎಲ್ 1-4 ಎಂಬ ಗೋಧಿ ತಳಿಯಲ್ಲಿದೆ.

"ಮಲೆನಾಡಿಗೂ ತರಿಸಿ" ಅನ್ನುವವರಿಗೆ: ನಮ್ಮ ಮಣ್ಣಿಗೆ ಉಪ್ಪಿನ ಕಾಟವಿಲ್ಲ. ಮಳೆ ತೊಳೆದು ತೊಳೆದು ಹುಳಿಯಾಗಿದೆ. ಅದಕ್ಕೆ ಬೇಕಾದ್ದು ಸುಣ್ಣ.