ಗುಡಿ ಇಲ್ಲೇ ಅದರಿ

ಸ್ಟೇಷನ್ ಗಾಣಗಾಪುರದಲ್ಲಿ ಸ್ಟೇಷನ್ನಿಗೆ ಎದುರಾಗಿ ಮನೆ ಕಟ್ಟಿಸಬಾರದು. ಕಟ್ಟಿಸಿದರೂ ಅಂಗಳದಲ್ಲಿ ಅತ್ತಿ ಗಿಡ ಬೆಳೆಸಬಾರದು. ನಮ್ಮಪ್ಪ ಎರಡನ್ನೂ ಮಾಡಿಟ್ಟು ಹೋಗಿದ್ದಾನೆ.

ನಿನ್ನೆ ಗುರುವಾರ. ನಸುಕಿನಲ್ಲಿ ಮುಂಬೈ ಗಾಡಿ ಬಂದು ಹೋಯಿತು. ನಾನು ಜಳಕ ಮುಗಿಸಿ, ಟವೆಲ್ ಸುತ್ತಿಕೊಂಡು, ಗಿಡಕ್ಕೆ ಕಟ್ಟಿದ ಹಗ್ಗದಿಂದ ಬನಿಯನ್ ತರಲು ಹೊರಗೆ ಬಂದರೆ, ಕಚ್ಚೆ ಸೀರೆಯ ಅಜ್ಜಿಯೊಬ್ಬಳು ಗಿಡಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದಾಳೆ! ಔದುಂಬರ, ಅಂದರೆ ಅತ್ತಿ ಗಿಡ, ಇದ್ದಲ್ಲಿ ದತ್ತಾತ್ರೇಯ ಇದ್ದಾನೆ ಅನ್ನೋದು ಅವರ ನಂಬಿಕೆ, ತಪ್ಪೇನಿಲ್ಲ. ಆದರೆ ಹಗ್ಗ ಅಡ್ಡ ಬಂದಾಗೆಲ್ಲ ತಲೆ ಬಗ್ಗಿಸಿ, ನನ್ನ ಚಡ್ಡಿ-ಬನಿಯನ್ನುಗಳ ಕೆಳಗೆ ಹಾಯ್ದು, ಆಚೆ ಎದ್ದು, ಮತ್ತೆ ಕೈ ಮುಗಿದು ನಡೆಯುತ್ತಿದ್ದಳು. ಹಿಂದೆ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಚಪ್ಪಲಿಗಳು ಗೇಟಿನ ಹೊರಗೆ ಸಾಲಾಗಿ. ಎಲ್ಲರೂ ಸೇರಿ ‘ದಿಗಂಬರಾ, ದಿಗಂಬರಾ’ ಅಂತ ಭಜನೆ. ನಾನು ಟವೆಲ್ಲಿನ ಗಂಟು ಬಿಗಿಯಾಗಿ ಹಿಡಿದುಕೊಂಡೆ. ಅಷ್ಟರಲ್ಲಿ ಸೊಸೆ ನನ್ನನ್ನೇ ಪೂಜಾರಿ ಅಂದುಕೊಂಡು ಹತ್ತು ರೂಪಾಯಿ ಚಾಚಿದಳು. ಬೇಡ ಅಂತ ಕೈ ಮುಗಿಯೋಣವೆಂದರೆ ಕೈ ಬಿಡುವ ಹಾಗಿರಲಿಲ್ಲ.

ದತ್ತನ ಗುಡಿ ಇರೋದು ದೇವಲ ಗಾಣಗಾಪುರದಲ್ಲಿ, ಇಲ್ಲಿಂದ ಸುಮಾರು 20 ಕಿ.ಮೀ. ಅಂದೆ. ಅಜ್ಜಿಗೆ ಸಿಟ್ಟು ಬಂತು. ಬೋರ್ಡಿನ ಮೇಲೆ ಗಾಣಗಾಪುರ ಅಂತಲೇ ಇದೆಯಲ್ಲ ಎಂದು ಮರಾಠಿಯಲ್ಲಿ ದಬಾಯಿಸಿದಳು. ಇದೆ. ಪಕ್ಕದಲ್ಲೇ ‘ರೋಡ್’ ಅಂತಲೂ ಇದೆ, ಅದನ್ನು ಯಾರೂ ಓದುವುದಿಲ್ಲ. ಇದೇ ಲೈನಿನ ಅಕ್ಕಲಕೋಟ ರೋಡಿನವರ ಪಾಡೂ ಇಷ್ಟೇ ಇರಬೇಕು, ಅಲ್ಲೂ ಸ್ವಾಮಿ ಸಮರ್ಥರು ಒಂದು ಕಡೆ, ರೈಲು ಇನ್ನೊಂದು ಕಡೆ.

1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಗೆ ಕೂಡಿಕೊಂಡ ಲೈನು ಇದು. ಅಷ್ಟು ದೂರ ಹೋಗುವ ಅವಸರದಲ್ಲಿದ್ದವರು ದೇವಲ ಗಾಣಗಾಪುರದ ಭೀಮಾ-ಅಮರ್ಜಾ ಸಂಗಮಕ್ಕೆ ಸುತ್ತು ಹಾಕುತ್ತಾರೆಯೇ? ದೇವರ ಊರಿನ ಹೆಸರು ಮಾತ್ರ ತಂದು ಇಲ್ಲಿ ನೆಟ್ಟರು. ಮೊದಲು ಸ್ಟೇಷನ್, ಆಮೇಲೆ ಚಹಾದಂಗಡಿ, ಆಮೇಲೆ ನಾವು. ವಾಡಿಯೂ ಸ್ಟೇಷನ್ನಿನಿಂದಲೇ ಬೆಳೆದ ಊರು, ಆದರೆ ಅದರ ಹಣೆಬರಹ ಚೆನ್ನಾಗಿತ್ತು. 1874ರಲ್ಲಿ ಸಿಕಂದರಾಬಾದಿನ ಕಡೆಯ ನಿಜಾಮರ ಹಳಿ ಬಂದು ಕೂಡಿ ಜಂಕ್ಷನ್ ಆಯಿತು, ಮುಂದೆ ಸಿಮೆಂಟ್ ಕಾರ್ಖಾನೆಯೂ ಬಂತು. ಅಲ್ಲಿ ಇಳಿದವರು ಬೇರೆ ಗಾಡಿ ಕೇಳುತ್ತಾರೆ, ಗುಡಿ ಕೇಳುವುದಿಲ್ಲ.

ಬೆಂಕಿಗೆ ತುಪ್ಪ ಸುರಿಯಲು ನಮ್ಮ ಚಹಾದಂಗಡಿ ಕಾಕಾ ಇದ್ದಾನೆ. ‘ಗುಡಿ ಎಷ್ಟು ದೂರ?’ ಅಂದರೆ ‘ಇಲ್ಲೇ ಅದರಿ, ಕೂಡ್ರಿ.’ ಕೂತರೆ ಚಹಾ. ಚಹಾ ಮುಗಿದರೆ ಚುರುಮುರಿಯ ಸುಸಲಾ. ಸುಸಲಾಕ್ಕೆ ಮಿರ್ಚಿ ಭಜಿ ಬೇಕೇ ಬೇಕಲ್ಲ. ನಡುವೆ ಯಾವೂರು, ಮಕ್ಕಳೆಷ್ಟು, ಮಗಳಿಗೆ ವರ ಗೊತ್ತಾಯಿತೇ. ಅಷ್ಟರಲ್ಲಿ ಬಸ್ಸು ಬಂದು ಹೋಗಿರುತ್ತದೆ. ‘ಅದ್ರಾಗ ಗದ್ದಲ ಭಾಳರಿ, ಇನ್ನೊಂದು ಇಲ್ಲೇ ಬರ್ಲತ್ತದ.’ ಕಾಕಾನಿಗೆ ಕಲಬುರಗಿ ಇಲ್ಲೇ, ಸೊಲ್ಲಾಪುರ ಇಲ್ಲೇ, ದುಬೈಗೆ ಹೋದ ಅಳಿಯನೂ ‘ಇಲ್ಲೇ ಅದಾನ’.

‘ಯಾಕ ಕಾಕಾ, ಮಂದಿಗಿ ಸುಳ್ಳು ಹೇಳ್ತಿ?’ ಅಂದೆ.

‘ಸುಳ್ಳು ಎಲ್ಲದೋ ತಮ್ಮಾ? ಮುಂಬೈಯಿಂದ ಬಂದವರಿಗಿ ಇಪ್ಪತ್ತು ಕಿಲೋಮೀಟರ್ ಇಲ್ಲೇ ಅಲ್ಲೇನು?’

2020ರ ಮಾರ್ಚಿನಲ್ಲಿ ರೈಲು ನಿಂತಾಗ ಗೇಟು ಬಡಿಯುವವರೇ ಇರಲಿಲ್ಲ. ನನ್ನ ಬಟ್ಟೆಗಳು ನಿಶ್ಚಿಂತೆಯಿಂದ ಒಣಗಿದವು. ಕಾಕಾ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು, ಹಾಲಿಗೆ ಹೊರಟ ನನ್ನನ್ನೇ ತಡೆದು, ‘ಎಲ್ಲಿಗಿ ಹೊಂಟಿ?’ ಅಂತ ಕೇಳುತ್ತಿದ್ದ. ದಿನಾ ಕೇಳುತ್ತಿದ್ದ. ನಾನೂ ದಿನಾ ನಿಂತು ಹೇಳುತ್ತಿದ್ದೆ. ದಾರಿ ಕೇಳುವವರಿಲ್ಲದಿದ್ದರೆ ಈ ಊರಿಗೆ ಬೇರೆ ಕೆಲಸವೇ ಇಲ್ಲ ಅಂತ ಆಗ ತಿಳಿಯಿತು. ಈಗ ಜೋಡಿ ಹಳಿ, ಕರೆಂಟಿನ ಎಂಜಿನ್ನು. ನಿಲ್ಲದೆ ಹೋಗುವ ಗಾಡಿಗಳ ಗಾಳಿಗೇ ಕಾಕಾನ ಅಂಗಡಿಯ ತಗಡು ಅದುರುತ್ತದೆ.

ಇವತ್ತು ಮಧ್ಯಾಹ್ನ ಪಾರ್ಸೆಲ್ ಹುಡುಗನ ಫೋನು. ಹೆಂಡತಿ ತರಿಸಿದ ಮಿಕ್ಸರ್ ಜಾರು. ‘ಸರ, ಗುಡಿ ಮುಂದ ನಿಂತೀನ್ರಿ. ನಿಮ್ಮ ಮನಿ ಎಲ್ಲಿ ಬರ್ತದ?’ ವಿಳಾಸದಲ್ಲಿ ಸ್ಟೇಷನ್ ಅಂತ ಎರಡೆರಡು ಸಲ ಬರೆಸಿದ್ದೆ. ಸರಿಯಾಗಿ ಬೈಯಬೇಕು ಅಂತಲೇ ಬಾಯಿ ತೆರೆದೆ.

‘ಇಲ್ಲೇ ಅದಪಾ, ಬಾ,’ ಅಂದುಬಿಟ್ಟೆ.